ಚಕ್ರಮುನಿ ಸೊಪ್ಪು: ಬೇಯಿಸಿ ತಿನ್ನಿ, ರಸ ಹಿಂಡಿ ಕುಡಿಯಬೇಡಿ

ಮನೆಯಂಗಳದಲ್ಲಿ ಚಕ್ರಮುನಿ ಗಿಡ ಇರುವವರು, ನೆಂಟರ ಮನೆಯಿಂದ ಈಗಷ್ಟೇ ಕಡ್ಡಿ ತಂದು ನೆಟ್ಟವರು, ‘ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಚಕ್ರಮುನಿ ರಸ’ ಎಂಬ ಸಲಹೆಯನ್ನು ಫೋನಿನಲ್ಲಿ ಕಂಡವರು ಇದನ್ನು ಪೂರ್ತಿ ಓದಬೇಕು. ಓದಲು ಪುರಸೊತ್ತಿಲ್ಲದವರು ಇಷ್ಟನ್ನಾದರೂ ತಿಳಿದಿರಬೇಕು. ಈ ಸೊಪ್ಪನ್ನು ಅಡುಗೆ ಮಾಡಿ ತಿನ್ನಬಹುದು. ಹಸಿ ಎಲೆಯನ್ನು ರುಬ್ಬಿ, ಸೋಸಿ, ರಸವಾಗಿ ಕುಡಿಯಕೂಡದು. ತೂಕ ಇಳಿಸಲು ಕೂಡದು, ಸಕ್ಕರೆ ಕಾಯಿಲೆಗೆ ಕೂಡದು, ರಕ್ತ ಹೆಚ್ಚಲಿ ಎಂದೂ ಕೂಡದು.

ಗಿಡದ ಮೇಲೆ ನಮಗೆ ಸಿಟ್ಟಿಲ್ಲ. ಘಟ್ಟದ ಕೆಳಗೂ ಮಲೆನಾಡಿನಲ್ಲೂ ಬೇಲಿ ಸಾಲಿನಲ್ಲಿ, ಬಚ್ಚಲ ನೀರು ಹರಿಯುವ ಮಗ್ಗುಲಲ್ಲಿ ಇದು ಯಾರ ಆರೈಕೆಯನ್ನೂ ಕೇಳದೆ ಬೆಳೆಯುತ್ತದೆ. ಮೂಲತಃ ಕಾಡಿನ ಪೊದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಿಂದ ಹಿಡಿದು ಥೈಲ್ಯಾಂಡ್, ಮಲೇಷ್ಯಾ, ಇಂಡೋನೇಷ್ಯಾದವರೆಗೆ ಬೆಚ್ಚಗೆ, ತೇವವಾಗಿರುವ ಕಾಡಂಚುಗಳಲ್ಲಿ ತಾನಾಗಿ ಹುಟ್ಟುತ್ತದೆ. ಅಲ್ಲಿನ ಜನ ಅದನ್ನು ಹಿತ್ತಿಲಿಗೆ ತಂದರು, ನಾವೂ ತಂದೆವು. ಮಲೇಷ್ಯಾದ ಸಬಾ ರಾಜ್ಯದಲ್ಲಿ ಇದರ ಎಳೆ ಕುಡಿಯನ್ನು ಮೊಟ್ಟೆಯೊಂದಿಗೆ ಹುರಿಯುತ್ತಾರೆ. ವಿಯೆಟ್ನಾಮಿನಲ್ಲಿ ಎಲೆಯನ್ನು ಅಂಗೈಯಲ್ಲಿ ಹಿಸುಕಿ, ಸೀಗಡಿಯನ್ನೋ ಮಾಂಸವನ್ನೋ ಹಾಕಿ ಸಾರು ಕಾಯಿಸುತ್ತಾರೆ. ಇಂಡೋನೇಷ್ಯಾದಲ್ಲಿ ಕಟುಕ್ ಎಂಬ ಹೆಸರಿನಲ್ಲಿ ಬಾಣಂತಿಯರಿಗೆ ಎದೆಹಾಲು ಹೆಚ್ಚಲಿ ಎಂದು ಸಾರು ಮಾಡಿ ಬಡಿಸುವುದು ಹಳೆಯ ರೂಢಿ. ನಮ್ಮಲ್ಲಿ ಚಕ್ರಮುನಿ ಎಂದೂ ವಿಟಮಿನ್ ಸೊಪ್ಪು ಎಂದೂ ಕರೆಯುತ್ತಾರೆ. 100 ಗ್ರಾಂ ಹಸಿ ಎಲೆಯಲ್ಲಿ 6 ಗ್ರಾಂಗೂ ಮಿಕ್ಕಿ ಪ್ರೋಟೀನ್ ಇದೆ, ಸೊಪ್ಪಿನ ಮಟ್ಟಿಗೆ ಅದು ಬಹಳವೇ ಆಯಿತು. ವಿಟಮಿನ್ ಸಿ, ಕ್ಯಾರೊಟಿನ್, ಸುಣ್ಣ, ಕಬ್ಬಿಣ ಎಲ್ಲವೂ ಧಾರಾಳ. ಇಷ್ಟು ಒಳ್ಳೆಯದು ಇರುವುದರಿಂದಲೇ ಜನ ಅಳತೆ ಮರೆಯುತ್ತಾರೆ.

ಈ ದೇಶಗಳ ಅಡುಗೆಮನೆಗಳಲ್ಲಿ ಇದು ಬಳಕೆಯಾಗಿರುವುದೆಲ್ಲ ಮುಖ್ಯವಾಗಿ ಒಲೆಯ ಮೇಲೆ. ಲೋಟದಲ್ಲಿ ತುಂಬಿ ಕುಡಿಯುವ ಪದ್ಧತಿ ಎಲ್ಲಿ ಶುರುವಾಯಿತೋ ಅಲ್ಲೇ ಆಸ್ಪತ್ರೆಯ ಹಾಸಿಗೆಗಳೂ ತುಂಬಿದವು. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಗಿಡದ ಗುರುತು.

ಗುರುತು ಹಿಡಿಯದೆ ಎಲೆಗೆ ಕೈ ಹಾಕಬಾರದು

ಆಳೆತ್ತರ ಬೆಳೆಯುವ, ಮುರುಟಿ ನಿಲ್ಲದೆ ನೆಟ್ಟಗೆ ಏಳುವ ಪೊದೆ. ಎಳೆಯ ಕಾಂಡ ಹಸಿರು, ಮೆತ್ತಗೆ. ಎಲೆ ಉದ್ದಕ್ಕೆ ಮೊಟ್ಟೆಯಾಕಾರ, ತುದಿ ಚೂಪು, ಅಂಚಿನಲ್ಲಿ ಹಲ್ಲಿಲ್ಲ, ಬೆರಳ ಎರಡು ಗೆಣ್ಣಿನಷ್ಟು ಉದ್ದ. ಕಡ್ಡಿಯ ಎರಡೂ ಮಗ್ಗುಲಲ್ಲಿ ಒಂದಾದ ಮೇಲೊಂದರಂತೆ ಸಾಲುಗಟ್ಟಿರುತ್ತವೆ. ದೂರದಿಂದ ನೋಡಿದವರಿಗೆ ಇಡೀ ಕಡ್ಡಿಯೇ ಒಂದು ದೊಡ್ಡ ಗರಿಯೆಲೆ ಅನ್ನಿಸಬೇಕು. ಕೆಲವು ಗಿಡಗಳಲ್ಲಿ ಎಲೆಯ ನಡುನರದ ಆಚೀಚೆ ಬೂದಿ ಬಣ್ಣದ ಮಾಸಲು ಮಚ್ಚೆ ಇರುತ್ತದೆ.

ಇಷ್ಟು ಸಾಲದು. ಕಡ್ಡಿಯನ್ನು ಮಗುಚಿ ಕೆಳಗಡೆ ನೋಡಬೇಕು. ಪ್ರತಿ ಎಲೆಯ ಬುಡದಲ್ಲಿ ಸಣ್ಣ ಸಣ್ಣ ಹೂವು ನೇತಾಡುತ್ತಿರುತ್ತವೆ. ಗಂಡು ಹೂವು ಚಪ್ಪಟೆ, ತಟ್ಟೆಯಂತೆ, ಹಳದಿಗೂ ಕೆಂಪಿಗೂ ನಡುವಿನ ಬಣ್ಣ. ಹೆಣ್ಣು ಹೂವಿಗೆ ಆರು ಕೆಂಪು ದಳದಂಥ ಭಾಗಗಳು. ಕಾಯಿ ಕಟ್ಟಿದ ಮೇಲೂ ಆ ಕೆಂಪು ಬಟ್ಟಲು ಉದುರುವುದಿಲ್ಲ. ಅದರ ಕೆಳಗೆ ಬೆಳ್ಳಗಿನ, ಬಲಿತರೆ ನಸುಗೆಂಪು ತಿರುಗುವ ಗುಂಡನೆ ಕಾಯಿ ಲೋಲಾಕಿನಂತೆ ತೂಗುತ್ತದೆ. ಒಡೆದರೆ ಒಳಗೆ ಕಪ್ಪು ಬೀಜ. ಎಲೆ ಕಿತ್ತ ಜಾಗದಲ್ಲಿ ಹಾಲು ಒಸರಬಾರದು. ಬಿಳಿ ಹಾಲು ಬಂದರೆ ಅದು ಚಕ್ರಮುನಿಯಲ್ಲ, ಅಲ್ಲಿಗೇ ಬಿಡಿ.

ಹೂವೂ ಇಲ್ಲ, ಕಾಯಿಯೂ ಇಲ್ಲ, ಕಾಡಂಚಿನಲ್ಲಿ ಕಂಡ ಪೊದೆ ‘ಹಾಗೇ ಕಾಣುತ್ತದೆ’ ಎಂದಾದರೆ ಕೊಯ್ಯಕೂಡದು. ಇದನ್ನು ಒತ್ತಿ ಹೇಳಲು ಕಾರಣವಿದೆ. ಚಕ್ರಮುನಿ ಸೇರಿರುವುದು ನೆಲ್ಲಿಯ ಕುಟುಂಬಕ್ಕೆ. ನೆಲ್ಲಿಕಾಯಿ, ಕಿರುನೆಲ್ಲಿ ಎಲ್ಲ ಇದರ ಬಳಗ. ಅದೇ ಕುಟುಂಬದಲ್ಲಿ ದಕ್ಷಿಣ ಭಾರತದ ಒಣ ಕಾಡುಗಳ ಸಣ್ಣ ಮರವೊಂದಿದೆ, ತಮಿಳರು ಅದನ್ನು ಒಡುವನ್ ಎನ್ನುತ್ತಾರೆ, ಶಾಸ್ತ್ರೀಯ ಹೆಸರು ಕ್ಲೈಸ್ಟಾಂತಸ್ ಕೊಲೈನಸ್. ಅದರ ಎಲೆಯ ಕಷಾಯ ಕುಡಿದವರು ಮೂತ್ರಪಿಂಡ ಕೆಟ್ಟು, ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು, ಹೃದಯದ ಬಡಿತ ತಪ್ಪಿ ಸಾಯುವುದುಂಟು. ತಮಿಳುನಾಡಿನ ಆಸ್ಪತ್ರೆಗಳಿಗೆ ಇದು ಬಹಳ ಪರಿಚಿತ ವಿಷ. ಚಕ್ರಮುನಿಯನ್ನು ಈಗ ಸಸ್ಯಶಾಸ್ತ್ರಜ್ಞರು ಸೇರಿಸಿರುವ ಬ್ರೇನಿಯಾ ಎಂಬ ಕುಲದಲ್ಲೂ ಇನ್ನೊಂದು ಪೊದೆ ಇದೆ. ಅದನ್ನು ಬೇರೆ ಔಷಧಿ ಗಿಡವೆಂದು ತಪ್ಪಾಗಿ ತಿಳಿದು ಕುಡಿದವರ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ತೈವಾನಿನಲ್ಲಿ ದಾಖಲಾಗಿವೆ. ನೆಂಟಸ್ತಿಕೆ ನೋಡಿ ಎಲೆ ನಂಬಬಾರದು.

ಆದ್ದರಿಂದ ಗಿಡ ಬಲ್ಲವರ ಹಿತ್ತಿಲಿಂದಲೇ ಕಡ್ಡಿ ತರಬೇಕು, ಮನೆಯಲ್ಲೇ ನೆಟ್ಟುಕೊಳ್ಳಬೇಕು. ಫೋಟೋ ಕಳಿಸಿ ‘ಇದು ಅದೇನಾ’ ಎಂದು ಕೇಳಿ, ‘ಹೌದು’ ಎಂಬ ಉತ್ತರ ಬಂದ ಮಾತ್ರಕ್ಕೆ ಅಡುಗೆಗೆ ಹಾಕಬಾರದು. ಫೋಟೋ ನೋಡಿ ಹೆಸರು ಹೇಳುವ ಫೋನಿನ ಆ್ಯಪನ್ನೂ ಊಟದ ವಿಷಯದಲ್ಲಿ ನೆಚ್ಚಬಾರದು.

ಕೊಯ್ಯುವ ಜಾಗ

ರಸ್ತೆ ಬದಿಯ ಬೇಲಿಯಿಂದ, ಚರಂಡಿ ಅಂಚಿನಿಂದ, ಕಳೆನಾಶಕ ಹೊಡೆದ ತೋಟದ ಬದುವಿನಿಂದ ಕೊಯ್ಯಬಾರದು. ಇದು ಎಲ್ಲ ಸೊಪ್ಪಿಗೂ ಇರುವ ಮಾತು, ಹೆಚ್ಚು ವಿವರಿಸುವುದಿಲ್ಲ.

ಅಡಿಕೆ ತೋಟದವರಿಗೆ ಮಾತ್ರ ಒಂದು ಬೇರೆ ಎಚ್ಚರಿಕೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಮರದ ಮೇಲಿನಿಂದ ಮೈಲುತುತ್ತು ಮತ್ತು ಸುಣ್ಣದ ನೀರು ಕೆಳಗಿನ ಗಿಡಗಳ ಮೇಲೆಲ್ಲ ಇಳಿಯುತ್ತದೆ. ಚಕ್ರಮುನಿ ಚೆನ್ನಾಗಿ ಬೆಳೆಯುವುದೂ ಆ ನೆರಳಲ್ಲೇ. ಎಲೆಯ ಮೇಲೆ ನೀಲಿ ಛಾಯೆಯ ಬಿಳಿ ಚುಕ್ಕೆ ಕಂಡರೆ ಆ ಎಲೆ ಅಡುಗೆಗೆ ಕೂಡದು. ಎರಡು ಸಲ ತೊಳೆದರೆ ಹೋಗುತ್ತದೆ ಎಂದು ನಂಬಬೇಡಿ, ಅದು ಎಲೆಗೆ ಅಂಟಿ ನಿಲ್ಲಲಿ ಎಂದೇ ಮಾಡಿದ ಮಿಶ್ರಣ. ಅಂಥ ಕಡ್ಡಿಗಳನ್ನು ಕತ್ತರಿಸಿ ಬುಡಕ್ಕೆ ಹಾಕಿ, ಹೊಸದಾಗಿ ಒಡೆದ ಚಿಗುರನ್ನು ಬಳಸಿ. ಔಷಧಿ ಹೊಡೆಯುವ ದಿನ ಗೊತ್ತಿದ್ದರೆ ಹಿಂದಿನ ದಿನವೇ ಸೊಪ್ಪು ಕೊಯ್ದಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಸಾಧ್ಯವಿದ್ದರೆ ಅಡುಗೆಗೆಂದು ಎರಡು ಗಿಡವನ್ನು ತೋಟದಿಂದ ಆಚೆ, ಮನೆಯ ಹತ್ತಿರವೇ ಇಟ್ಟುಕೊಳ್ಳಬೇಕು.

ಚಿಗುರು ಮತ್ತು ಅದರ ಕೆಳಗಿನ ಐದಾರು ಹಸನಾದ ಎಲೆ ಸಾಕು. ಬಲಿತು ದಪ್ಪಗಾದ, ಹಳದಿ ಬಿದ್ದ, ಹುಳ ಸುತ್ತಿದ ಎಲೆ ಬೇಡ. ಕಾಯಿ, ಬೀಜ, ಬೇರು ಅಡುಗೆಗೆ ಬೇಡ.

ರಸ ಕುಡಿಯಕೂಡದು

ಈ ಪ್ರಕಟಣೆ ಬರೆದಿರುವುದೇ ಇದಕ್ಕಾಗಿ, ಆದ್ದರಿಂದ ನಿಧಾನವಾಗಿ ಹೇಳಬೇಕು.

1990ರ ದಶಕದ ನಡುವಿನಲ್ಲಿ ತೈವಾನಿನಲ್ಲಿ ಒಂದು ಸುದ್ದಿ ಹರಡಿತು. ಮಲೇಷ್ಯಾ ಕಡೆಯಿಂದ ಬಂದ ಈ ಸೊಪ್ಪಿನ ರಸ ಕುಡಿದರೆ ತೂಕ ಇಳಿಯುತ್ತದೆ ಎಂದು. ಅಲ್ಲಿನವರು ಹಸಿ ಎಲೆಯನ್ನು ಸೀಬೆ ಹಣ್ಣಿನ ಜೊತೆಗೋ ಅನಾನಸಿನ ಜೊತೆಗೋ ರುಬ್ಬಿ ಕುಡಿದರು. ಕುಡಿದವರಲ್ಲಿ ಹೆಚ್ಚಿನವರು ಹೆಂಗಸರು, ಅದೂ ಆರೋಗ್ಯವಾಗಿದ್ದವರು, ಬೀಡಿ ಸಿಗರೇಟು ಮುಟ್ಟದವರು. ದಿನಕ್ಕೆ ಸುಮಾರು 150 ಗ್ರಾಂ ಎಲೆ, ಹೀಗೆ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ. ಮೊದಲು ನಿದ್ದೆ ಕೆಟ್ಟಿತು, ಊಟ ಸೇರದಾಯಿತು, ಎದೆ ಬಡಿದುಕೊಳ್ಳತೊಡಗಿತು. ಊಟ ಸೇರದಿದ್ದನ್ನು ‘ಔಷಧಿ ಕೆಲಸ ಮಾಡುತ್ತಿದೆ’ ಎಂದು ತಿಳಿದು ಮುಂದುವರಿಸಿದವರೂ ಇದ್ದಿರಬೇಕು. ಆಮೇಲೆ ಒಣ ಕೆಮ್ಮು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಕೊನೆಗೆ ಕೂತಲ್ಲೇ ಉಸಿರಿಗೆ ಕಷ್ಟ.

1995ರ ಹೊತ್ತಿಗೆ ಆಸ್ಪತ್ರೆಗಳಿಗೆ ಇಂಥವರು ಸಾಲುಸಾಲಾಗಿ ಬಂದರು. 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅಲ್ಲಿನ ವೈದ್ಯರ ವರದಿ ಪ್ರಕಟವಾಯಿತು. ಒಟ್ಟು 200ಕ್ಕೂ ಹೆಚ್ಚು ಮಂದಿಗೆ ಶ್ವಾಸಕೋಶ ಕೆಟ್ಟಿತ್ತು. ಹಲವರು ಸತ್ತರು. ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು. ಜಪಾನಿನಲ್ಲೂ ಆಮೇಲೆ ಇದೇ ಎಲೆಯಿಂದ ಇದೇ ಕಾಯಿಲೆ ಬಂದದ್ದು ವರದಿಯಾಗಿದೆ.

ಕಾಯಿಲೆಯ ಹೆಸರು ಬ್ರಾಂಕಿಯೊಲೈಟಿಸ್ ಆಬ್ಲಿಟರನ್ಸ್. ಶ್ವಾಸನಾಳ ಕವಲೊಡೆಯುತ್ತ ಹೋಗಿ ಕೊನೆಗೆ ಕೂದಲೆಳೆಯಷ್ಟು ಸಣ್ಣ ನಾಳಗಳಾಗುತ್ತವಲ್ಲ, ಅವುಗಳ ಒಳಗೋಡೆ ಉರಿದು, ಗಾಯವಾಗಿ, ಆ ಗಾಯ ಮಾಯುವಾಗ ನಾಳವೇ ಮುಚ್ಚಿಹೋಗುತ್ತದೆ. ಆಸ್ತಮಾದಲ್ಲಿ ನಾಳ ಬಿಗಿದುಕೊಂಡಿರುತ್ತದೆ, ಇನ್‌ಹೇಲರ್ ಎಳೆದರೆ ಸಡಿಲವಾಗುತ್ತದೆ. ಇಲ್ಲಿ ಗಾಯದ ಕಲೆ ಗಟ್ಟಿಯಾಗಿ ಕೂತಿರುತ್ತದೆ, ಇನ್‌ಹೇಲರ್ ಬಿಡಿಸಲಾರದು, ಸ್ಟೆರಾಯ್ಡ್ ಕೂಡ ಹೆಚ್ಚಿನದೇನನ್ನೂ ಮಾಡಲಾರದು. ರಸ ನಿಲ್ಲಿಸಿದ ಮೇಲೂ ಹೋದ ಉಸಿರು ಹಿಂತಿರುಗಲಿಲ್ಲ. ನಿಲ್ಲಿಸಿದ ನಂತರ ಹೆಚ್ಚಾದವರೂ ಇದ್ದರು. ತಿಂದ ಸೊಪ್ಪು ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ ಹೋಗಿ ಇಷ್ಟು ಕೆಡುಕು ಮಾಡಬಲ್ಲದು ಎಂಬುದು ವೈದ್ಯರಿಗೂ ಆಗ ಹೊಸ ವಿಷಯ.

ಎಲೆಯಲ್ಲಿ ಪಪಾವರಿನ್ ಎಂಬ ಆಲ್ಕಲಾಯ್ಡ್ ಇರುವುದರಿಂದ ಅನುಮಾನ ಮೊದಲು ಅದರ ಮೇಲೆ ಬಿತ್ತು. ಶ್ವಾಸಕೋಶ ಕೆಡಿಸಿದ್ದು ಅದೇ ಎಂಬುದು ಮಾತ್ರ ಸಾಬೀತಾಗಿಲ್ಲ. ಅಂದರೆ ‘ಆ ಒಂದು ಅಂಶ ತೆಗೆದ ಪುಡಿ’, ‘ಶುದ್ಧೀಕರಿಸಿದ ಕ್ಯಾಪ್ಸೂಲ್’ ಎಂದು ಯಾರಾದರೂ ಮಾರಲು ಬಂದರೆ ಅವರು ಯಾವುದನ್ನು ತೆಗೆದಿದ್ದಾರೆಂದು ಅವರಿಗೇ ಗೊತ್ತಿರುವುದು ಸಾಧ್ಯವಿಲ್ಲ. ಕೊಳ್ಳಬೇಡಿ.

ಇದರಿಂದ ನೇರವಾಗಿ ಬರುವ ನಿಷೇಧಗಳು ಇವು. ಹಸಿ ಎಲೆಯ ರಸ ಕುಡಿಯಬಾರದು. ಹಣ್ಣಿನ ಜೊತೆ ಸ್ಮೂದಿ ಮಾಡಬಾರದು. ಜೇನು, ನಿಂಬೆ, ಶುಂಠಿ ಬೆರೆಸಿದರೆ ದೋಷ ಕಳೆಯುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ, ತೈವಾನಿನವರೂ ಹಣ್ಣು ಬೆರೆಸಿಯೇ ಕುಡಿದಿದ್ದರು. ನೆರಳಲ್ಲಿ ಒಣಗಿಸಿ ಪುಡಿ ಮಾಡಿ ನೀರಿಗೆ ಹಾಕಿ ಕುಡಿಯುವುದೂ ಹಸಿ ತಿಂದಂತೆಯೇ, ಒಣಗಿಸುವುದು ಬೇಯಿಸುವುದಲ್ಲ. ಪುಡಿಯಲ್ಲಿ ಇನ್ನೊಂದು ತೊಂದರೆ ಇದೆ. ಒಂದು ಚಮಚಕ್ಕೆ ಎಷ್ಟು ಹಿಡಿ ಎಲೆ ಅಡಗಿದೆ ಎಂಬ ಅಂದಾಜೇ ಸಿಗುವುದಿಲ್ಲ.

‘ನಮ್ಮ ಅಜ್ಜಿ ಹಸಿಯಾಗಿಯೇ ತಿನ್ನುತ್ತಿದ್ದರು, ಏನೂ ಆಗಲಿಲ್ಲ’ ಎನ್ನುವವರಿಗೆ ಉತ್ತರ ಇದು. ಅಜ್ಜಿ ತಿಂದದ್ದು ಬೇಲಿಯ ಬಳಿ ನಿಂತಾಗ ಕಿತ್ತ ನಾಲ್ಕು ಎಲೆ. 150 ಗ್ರಾಂ ಎಂದರೆ ಏನೆಂದು ತಿಳಿಯಬೇಕಾದರೆ ಕಡ್ಡಿಯಿಂದ ಬಿಡಿಸಿದ ಎಲೆಯನ್ನು ಒಮ್ಮೆ ತಕ್ಕಡಿಯಲ್ಲಿ ಹಾಕಿ ನೋಡಿ. ಎಲೆ ತೆಳು, ತೂಕ ಏರುವುದೇ ಇಲ್ಲ, ಪಾತ್ರೆ ತುಂಬಿಹೋಗುತ್ತದೆ. ಅಷ್ಟನ್ನು ಅಗಿದು ತಿನ್ನಲು ಯಾರಿಂದಲೂ ಆಗದು. ಮಿಕ್ಸಿ ಬಂದ ಮೇಲೆ ಅಷ್ಟೂ ಒಂದು ಲೋಟದಲ್ಲಿ ಇಳಿಯುತ್ತದೆ, ದಿನಾ ಇಳಿಯುತ್ತದೆ. ಅಜ್ಜಿಯ ನಾಲ್ಕೆಲೆಯನ್ನು ಈ ಲೋಟಕ್ಕೆ ಸಾಕ್ಷಿಯಾಗಿ ನಿಲ್ಲಿಸಬಾರದು.

ಮಕ್ಕಳು ಆಡುತ್ತ ಒಂದೆರಡು ಎಲೆ ಬಾಯಿಗೆ ಹಾಕಿಕೊಂಡರೆ ಗಾಬರಿ ಬೀಳಬೇಕಿಲ್ಲ. ಎಳೆ ಎಲೆ ಹಸಿ ಬಟಾಣಿಯ ರುಚಿಗೆ ಹತ್ತಿರ, ಅವರಿಗೆ ಹಿಡಿಸುತ್ತದೆ. ಆದರೆ ಅದನ್ನು ಒಳ್ಳೆಯ ಅಭ್ಯಾಸವೆಂದು ಹೊಗಳಿ ದಿನಾ ತಿನ್ನಿಸಬಾರದು.

ಒಲೆಯ ಮೇಲೆ ಮಾಡಬೇಕಾದ್ದು

ಕಡ್ಡಿಯ ತುದಿ ಹಿಡಿದು ಎರಡು ಬೆರಳನ್ನು ಬುಡದ ಕಡೆಗೆ ಜಾರಿಸಿದರೆ ಎಲೆಗಳು ಸಲೀಸಾಗಿ ಬಿಡಿಸಿಕೊಳ್ಳುತ್ತವೆ. ಹೂವು, ಕಾಯಿ ಬಂದಿದ್ದರೆ ಆರಿಸಿ ತೆಗೆಯಬೇಕು. ಅಗಲ ಪಾತ್ರೆಯ ನೀರಿನಲ್ಲಿ ಅದ್ದಿ, ಎತ್ತಿ, ನೀರು ಬದಲಿಸಿ ಮತ್ತೆ ಅದ್ದಬೇಕು. ಮಳೆಗಾಲದಲ್ಲಿ ಎಲೆಯಡಿ ಸಣ್ಣ ಬಸವನಹುಳು ಇರುತ್ತವೆ, ಅದಕ್ಕೆ ಎರಡನೆಯ ಸಲ ತೊಳೆಯುವಾಗ ಚಿಟಿಕೆ ಉಪ್ಪು ಹಾಕಿದ ನೀರು ಒಳ್ಳೆಯದು.

ಇದು ಪಾಲಕಿನಂತೆ ಒಂದು ಕುದಿಗೆ ಕರಗುವ ಸೊಪ್ಪಲ್ಲ. ಬೆಂದರೂ ಎಲೆಯ ಆಕಾರ ಉಳಿಯುತ್ತದೆ. ಹಾಗಾಗಿ ಕಣ್ಣಳತೆಯಲ್ಲಿ ‘ಬಾಡಿತು, ಆಯಿತು’ ಎಂದು ಇಳಿಸಬಾರದು. ಹಸಿ ಘಾಟು ಪೂರ್ತಿ ಹೋಗಬೇಕು, ಬಣ್ಣ ಕಡುಹಸಿರಿಗೆ ತಿರುಗಬೇಕು, ಎರಡು ಬೆರಳಲ್ಲಿ ಹಿಸುಕಿದರೆ ಎಲೆ ನುಣ್ಣಗಾಗಬೇಕು. ಮುಚ್ಚಳ ಮುಚ್ಚಿ ಹತ್ತು ನಿಮಿಷ ಎಂದಿಟ್ಟುಕೊಳ್ಳಿ.

ತಂಬುಳಿ ಮಾಡುವವರು ಗಮನಿಸಬೇಕು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಕುಡಿಗಳ ತಂಬುಳಿಗೆ ಎರಡು ಕ್ರಮವಿದೆ, ಬಾಡಿಸಿ ರುಬ್ಬುವುದು ಮತ್ತು ಹಸಿಯಾಗಿ ರುಬ್ಬುವುದು. ಒಂದೆಲಗಕ್ಕೆ ಹಸಿಯ ಕ್ರಮ ಸರಿ. ಚಕ್ರಮುನಿಗೆ ಅದು ಕೂಡದು. ನಾಲ್ಕು ಜನರ ತಂಬುಳಿಗೆ ಒಂದು ದೊಡ್ಡ ಹಿಡಿ ಎಲೆ ಸಾಕು. ಬಾಣಲೆಗೆ ಒಂದು ಚಮಚ ತುಪ್ಪ, ಅದರಲ್ಲಿ ಜೀರಿಗೆ ಮತ್ತು ಆರೇಳು ಕಾಳುಮೆಣಸು ಸಿಡಿಸಿ, ಎಲೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ ಮುಚ್ಚಿ ಬೇಯಿಸಿ. ನೀರು ಆರಿ ತುಪ್ಪ ಬಿಟ್ಟುಕೊಳ್ಳುವ ತನಕ ಕೈಯಾಡಿಸಿ. ಆರಿದ ಮೇಲೆ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಹುಳಿ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ಆಯಿತು. ಒಗ್ಗರಣೆಗೆ ಸಾಸಿವೆ, ಒಣಮೆಣಸು. ಹಸಿ ರುಬ್ಬಿದ್ದಕ್ಕಿಂತ ಇದರ ರುಚಿಯೇ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ತುಪ್ಪದ ಜೊತೆ ಬೆಂದಾಗ ಎಲೆಯ ಕ್ಯಾರೊಟಿನ್ ದೇಹಕ್ಕೆ ಚೆನ್ನಾಗಿ ಹಿಡಿಯುತ್ತದೆ, ಹಸಿ ರಸದಲ್ಲಿ ಆ ಲಾಭವೂ ಇಲ್ಲ.

ಅಕ್ಕಿರೊಟ್ಟಿಗೆ, ದೋಸೆ ಹಿಟ್ಟಿಗೆ, ಪಕೋಡಕ್ಕೆ ಸೇರಿಸುವಾಗಲೂ ಎಲೆಯನ್ನು ಮೊದಲು ಬೇರೆಯಾಗಿ ಬೇಯಿಸಿಕೊಳ್ಳಬೇಕು. ಕಾವಲಿಯ ಮೇಲೆ ರೊಟ್ಟಿಯ ಹೊರಮೈ ಕೆಂಪಾಗುವಷ್ಟರಲ್ಲಿ ಒಳಗಿನ ಸೊಪ್ಪು ಅರೆಬೆಂದು ಉಳಿಯಬಹುದು. ಬೇಳೆಯ ಜೊತೆ ಮಸ್ಸೊಪ್ಪು, ಹುಳಿ, ಪಲ್ಯ ಯಾವುದಕ್ಕೂ ಅಡ್ಡಿಯಿಲ್ಲ. ಸೊಪ್ಪು ಬೇಯಿಸಿದ ನೀರನ್ನು ‘ಸೂಪ್’ ಎಂದು ಬೇರೆ ತೆಗೆದು ಲೋಟಗಟ್ಟಲೆ ಕುಡಿಯಬಾರದು.

ಬೇಯಿಸಿದರೆ ವಿಟಮಿನ್ ಸಿ ಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ಹೋಗುತ್ತದೆ, ಒಂದಷ್ಟು. ಅದಕ್ಕೆ ನೆಲ್ಲಿಕಾಯಿ ಇದೆ, ಸೀಬೆಹಣ್ಣಿದೆ, ನಿಂಬೆಯಿದೆ. ಅವನ್ನು ಹಸಿಯಾಗಿ ತಿನ್ನಿ. ಒಂದು ಜೀವಸತ್ವಕ್ಕಾಗಿ ಉಸಿರಾಟವನ್ನು ಪಣಕ್ಕಿಡಬೇಡಿ.

ಎಷ್ಟು, ಯಾರಿಗೆ

ಬೇಯಿಸಿದ ಸೊಪ್ಪನ್ನಾದರೂ ದಿನಾ ತಿನ್ನಬಾರದು. ಬೇಯಿಸಿದರೆ ಅಪಾಯ ಬಹಳ ತಗ್ಗುತ್ತದೆ ಎಂಬುದಕ್ಕೆ ಆಗ್ನೇಯ ಏಷ್ಯಾದ ಊಟದ ತಟ್ಟೆಯೇ ಸಾಕ್ಷಿ. ಪೂರ್ತಿ ಇಲ್ಲವಾಗುತ್ತದೆ ಎಂದು ಬರೆದುಕೊಡಲು ನಾವು ಸಿದ್ಧರಿಲ್ಲ. ವಾರಕ್ಕೆ ಒಂದೆರಡು ಸಲ, ತಲೆಗೆ ಒಂದು ಹಿಡಿ, ಇದು ನಾವು ಹಾಕಿಕೊಳ್ಳಬೇಕೆನ್ನುವ ಗಡಿ. ಹರಿವೆ, ಬಸಳೆ, ನುಗ್ಗೆ, ಮೆಂತ್ಯ, ದಂಟು, ಹೊನಗೊನೆ ಇಷ್ಟೆಲ್ಲ ಇರುವ ನಾಡಿನಲ್ಲಿ ಒಂದೇ ಸೊಪ್ಪಿಗೆ ಜೋತುಬೀಳುವ ಅಗತ್ಯವೇ ಇಲ್ಲ.

ಆಸ್ತಮಾ, ದೀರ್ಘಕಾಲದ ಕೆಮ್ಮು, ಶ್ವಾಸಕೋಶದ ಯಾವುದೇ ತೊಂದರೆ ಇರುವವರು ಈ ಸೊಪ್ಪನ್ನು ಬಿಟ್ಟುಬಿಡಬೇಕು. ಇದನ್ನು ಅತಿ ಎಚ್ಚರಿಕೆ ಎಂದು ಯಾರಾದರೂ ಹೇಳಿದರೆ ಹೇಳಲಿ.

ಹೃದಯದ ಬಡಿತ ಏರುಪೇರಾಗುವವರಿಗೂ ಬೇಡ. ತೈವಾನಿನ ರೋಗಿಗಳಲ್ಲಿ ಬಡಿತ ತಪ್ಪಿದವರೂ ಇದ್ದರು.

ಬಸುರಿಯರು ವೈದ್ಯರನ್ನು ಕೇಳದೆ ತಿನ್ನಬಾರದು. ವಿಯೆಟ್ನಾಮಿನಲ್ಲಿ ಈ ಸೊಪ್ಪು ದಿನನಿತ್ಯದ ಸಾರಿಗೆ ಬಳಕೆಯಾಗುವಂಥದ್ದು, ಅಲ್ಲಿಯೂ ಬಸುರಿಯರನ್ನು ಇದರಿಂದ ದೂರ ಇಡುವ ರೂಢಿಯಿದೆ. ಬಾಣಂತಿಯರಿಗೆ ಹಾಲು ಹೆಚ್ಚಲಿ ಎಂದು ಕೊಡುವ ಮನೆಯವರು ಸಾರು, ಪಲ್ಯದ ಮಿತಿಯಲ್ಲೇ ನಿಲ್ಲಬೇಕು. ಬಾಣಂತಿಗೆ ದಿನಾ ಲೋಟ ರಸ ಕುಡಿಸುವ ಹಟ ಮಾಡಬಾರದು. ಅವಳು ಬೇಡ ಎಂದರೆ ಬಲವಂತವೂ ಕೂಡದು.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಯಾವುದೇ ಕಡುಹಸಿರು ಸೊಪ್ಪನ್ನು ಹಠಾತ್ತಾಗಿ ಹೆಚ್ಚು ಮಾಡಬಾರದು, ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಕೆಲಸಕ್ಕೆ ಎದುರು ನಿಲ್ಲುತ್ತದೆ. ಮೂತ್ರಪಿಂಡದಲ್ಲಿ ಕಲ್ಲು ಇರುವವರೂ ವೈದ್ಯರನ್ನು ಕೇಳಿಯೇ ತಿನ್ನಬೇಕು.

ಸಕ್ಕರೆ ಕಾಯಿಲೆಯವರು ಇದನ್ನು ನಂಬಿ ಮಾತ್ರೆ ಬಿಡಕೂಡದು. ಇನ್ಸುಲಿನ್ ನಿಲ್ಲಿಸಕೂಡದು. ‘ರಸ ಶುರು ಮಾಡಿದ ಮೇಲೆ ಶುಗರ್ ಇಳಿಯಿತು’ ಎನ್ನುವ ನೆರೆಯವರ ಮಾತಿನಲ್ಲಿ ಊಟ ಸೇರದೆ ಇಳಿದದ್ದೆಷ್ಟು ಎಂಬುದು ಲೆಕ್ಕಕ್ಕೆ ಬಂದಿರುವುದಿಲ್ಲ.

ಈಗಾಗಲೇ ಕುಡಿಯುತ್ತಿದ್ದರೆ

ಇವತ್ತೇ ನಿಲ್ಲಿಸಬೇಕು. ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದಲ್ಲ, ಪೂರ್ತಿ. ಏನೂ ತೊಂದರೆ ಇಲ್ಲದಿದ್ದರೂ ಮುಂದಿನ ಕೆಲವು ತಿಂಗಳು ನಿಮ್ಮ ಉಸಿರಿನ ಮೇಲೆ ಗಮನ ಇರಲಿ. ದಿನಾ ಹತ್ತುವ ಅದೇ ಮೆಟ್ಟಿಲು, ದಿನಾ ನಡೆಯುವ ಅದೇ ಏರು ಈಗ ದಮ್ಮು ಕಟ್ಟಿಸುತ್ತಿದೆಯೇ? ಶೀತವಿಲ್ಲದೆ ಒಣ ಕೆಮ್ಮು ವಾರಗಟ್ಟಲೆ ನಿಂತಿದೆಯೇ? ನಿದ್ದೆ ಹತ್ತುತ್ತಿಲ್ಲವೇ, ಎದೆ ಡವಗುಟ್ಟುತ್ತದೆಯೇ? ಒಂದಕ್ಕಾದರೂ ಹೌದು ಎಂದರೆ ಶ್ವಾಸಕೋಶದ ವೈದ್ಯರ ಬಳಿ ಹೋಗಬೇಕು. ಮಾತಾಡಲು ಆಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ತಲೆ ಸುತ್ತಿ ಬೀಳುವುದು ಕಂಡರೆ ಕಾಯದೆ 108ಕ್ಕೆ ಕರೆ ಮಾಡಬೇಕು.

ವೈದ್ಯರ ಮುಂದೆ ಸೊಪ್ಪಿನ ವಿಷಯ ಮುಚ್ಚಿಡಬಾರದು. ‘ಏನಾದರೂ ಔಷಧಿ ತಗೋತೀರಾ’ ಎಂದು ಅವರು ಕೇಳಿದಾಗ ನಮ್ಮಲ್ಲಿ ಹೆಚ್ಚಿನವರು ‘ಇಲ್ಲ’ ಎನ್ನುತ್ತಾರೆ, ಏಕೆಂದರೆ ಹಿತ್ತಿಲ ಸೊಪ್ಪು ಔಷಧಿಯ ಲೆಕ್ಕಕ್ಕೆ ಬರುವುದಿಲ್ಲ. ಈ ಕಾಯಿಲೆಯಲ್ಲಿ ಎದೆಯ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಸೊಪ್ಪಿನ ಸುಳಿವು ಸಿಗದಿದ್ದರೆ ಆಸ್ತಮಾ ಎಂದು ತಿಳಿದು ಇನ್‌ಹೇಲರ್ ಕೊಟ್ಟು ಕಳಿಸುವುದು ಸಹಜ, ಅದರಲ್ಲಿ ವೈದ್ಯರ ತಪ್ಪೂ ಇರುವುದಿಲ್ಲ. ಯಾವ ಎಲೆ, ಹಸಿಯೋ ಬೇಯಿಸಿದ್ದೋ, ದಿನಕ್ಕೆ ಎಷ್ಟು, ಎಷ್ಟು ವಾರ, ಕೊನೆಯ ಸಲ ಯಾವಾಗ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಲೆಯಿರುವ ಒಂದು ಕಡ್ಡಿಯನ್ನೂ ಜೊತೆಗೆ ಒಯ್ಯಿರಿ, ಕಾಯಿ ಇದ್ದರೆ ಕಾಯಿ ಸಮೇತ. ಉಸಿರು ಊದಿಸಿ ಅಳೆಯುವ ಸ್ಪೈರೊಮೆಟ್ರಿ, ಅಗತ್ಯ ಬಿದ್ದರೆ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದು ಅವರು ಹೇಳಿದರೆ ದುಡ್ಡಿನ ಲೆಕ್ಕ ಹಾಕಿ ಮುಂದೂಡಬಾರದು. ಹಾನಿಯನ್ನು ಎಷ್ಟು ಬೇಗ ಗುರುತಿಸಿದರೆ ಉಳಿದ ಉಸಿರನ್ನು ಕಾಪಾಡಿಕೊಳ್ಳಲು ಅಷ್ಟು ಅವಕಾಶ.

ನೆಡುವವರಿಗೆ, ಹಂಚುವವರಿಗೆ, ಮಾರುವವರಿಗೆ

ಗಿಡ ಕಿತ್ತು ಬಿಸಾಡಬೇಕಿಲ್ಲ. ಒಂದು ಗೇಣು ಉದ್ದದ, ತೀರ ಎಳತಲ್ಲದ ಕಡ್ಡಿಯನ್ನು ಮಳೆ ಹಿಡಿದ ಮೇಲೆ ನೆಟ್ಟರೆ ಬೇರು ಬಿಡುತ್ತದೆ. ಅರೆನೆರಳು ಸಾಕು, ಬುಡದಲ್ಲಿ ನೀರು ನಿಲ್ಲಬಾರದು. ಎದೆಮಟ್ಟಕ್ಕಿಂತ ಮೇಲೆ ಬಿಡದೆ ಆಗಾಗ ಸವರುತ್ತಿದ್ದರೆ ಚಿಗುರು ಒಡೆಯುತ್ತಲೇ ಇರುತ್ತದೆ. ಒಂದು ಮನೆಗೆ ಎರಡು ಗಿಡ ಬೇಕಾದಷ್ಟಾಯಿತು.

ಕಡ್ಡಿ ಕೊಡುವಾಗ ‘ಬೇಯಿಸಿಯೇ ತಿನ್ನಬೇಕು, ರಸ ಕೂಡದು’ ಎಂಬ ಮಾತನ್ನೂ ಜೊತೆಗೇ ಕೊಡಬೇಕು. ನರ್ಸರಿಯವರು ಗಿಡದ ಚೀಟಿಯಲ್ಲಿ ವಿಟಮಿನ್‌ಗಳ ಪಟ್ಟಿ ಬರೆಯುವ ಮೊದಲು ಈ ಸಾಲನ್ನು ಬರೆಯಬೇಕು. ಸೊಪ್ಪಿನ ಮೇಳ, ಗೆಡ್ಡೆಗೆಣಸಿನ ಮೇಳಗಳಲ್ಲಿ ಇದರ ಅಡುಗೆ ಮಾಡಿ ತೋರಿಸುವವರು ಒಲೆ ಹಚ್ಚಿಯೇ ತೋರಿಸಬೇಕು. ಪಾರ್ಕಿನ ಬಾಗಿಲಲ್ಲಿ ಬೆಳಗಿನ ನಡಿಗೆಯವರಿಗೆ ಬೂದುಗುಂಬಳ, ಹಾಗಲ, ಗರಿಕೆಯ ರಸ ಮಾರುವವರು ತಮ್ಮ ಪಟ್ಟಿಗೆ ಚಕ್ರಮುನಿಯನ್ನು ಸೇರಿಸಕೂಡದು, ಈಗಾಗಲೇ ಸೇರಿಸಿದ್ದರೆ ತೆಗೆಯಬೇಕು. ಗಿರಾಕಿ ಕೇಳಿದರೂ ಕೊಡಬಾರದು. ಕೇಳಿದವರಿಗೆ ಕಾರಣವನ್ನು ತಿಳಿಸಿ ಹೇಳಬೇಕು.

ಖಾಲಿ ಹೊಟ್ಟೆಯ ಲೋಟದ ಆ ಸಂದೇಶ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿದ್ದರೆ ಅದನ್ನು ಮುಂದೆ ಕಳಿಸಬೇಡಿ. ಸುಮ್ಮನೆ ಅಳಿಸಿದರೂ ಸಾಲದು, ಕಳಿಸಿದವರಿಗೆ ನೇರವಾಗಿ ಫೋನು ಮಾಡಿ ಅವರು ಸ್ವತಃ ಕುಡಿಯುತ್ತಿದ್ದಾರೆಯೇ ಎಂದು ವಿಚಾರಿಸಿ.